ಪಾಸ್‌ವರ್ಡ್ ಬಲದ ತಪಾಸಣೆ ಸೋಲುವುದೆಲ್ಲಿ? ನಿಮ್ಮ ತಂತ್ರಾಂಶದಲ್ಲಿ ದೋಷ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕನಿಷ್ಠ ಎಂಟು ಅಕ್ಷರ, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಇರಬೇಕೆಂಬ ನಿಯಮ ಬರೆದು, ಪಕ್ಕದಲ್ಲಿ ಕೆಂಪಿನಿಂದ ಹಸಿರಿಗೆ ತಿರುಗುವ ಪಟ್ಟಿಯೊಂದನ್ನು ಇಟ್ಟರೆ ತಪಾಸಣೆ ಮುಗಿಯಿತು ಎಂದು ನಂಬಿರುವ ತಂತ್ರಾಂಶಗಳು ಇಂದಿಗೂ ಬಹಳಷ್ಟಿವೆ. ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದವನ್ನೇ ತೆಗೆದುಕೊಂಡು, ಮೊದಲಕ್ಷರವನ್ನು ದೊಡ್ಡದು ಮಾಡಿ, ಎ ಇರುವಲ್ಲಿ @, ಒ ಇರುವಲ್ಲಿ 0 ಹಾಕಿ, ಕೊನೆಗೆ 1 ಮತ್ತು ! ಸೇರಿಸಿದರೆ ಆ ಪಟ್ಟಿ ಪೂರ್ತಿ ಹಸಿರಾಗುತ್ತದೆ. ಪಾಸ್‌ವರ್ಡ್ ಊಹಿಸುವ ಸಾಧನಗಳು ಮೊದಲ ಕ್ಷಣಗಳಲ್ಲೇ ಪ್ರಯತ್ನಿಸುವುದೂ ಇಂಥದ್ದನ್ನೇ.

ತಪಾಸಣೆ ಉತ್ತರಿಸಬೇಕಾದ ಪ್ರಶ್ನೆ ಒಂದೇ: ದಾಳಿಕೋರನು ಊಹಿಸುತ್ತ ಹೋಗುವ ಸಾಲಿನಲ್ಲಿ ಈ ಪಾಸ್‌ವರ್ಡ್ ಎಷ್ಟನೆಯದಾಗಿ ಬರುತ್ತದೆ? ನೋಡಲು ಜಟಿಲವಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಹೆಚ್ಚಿನ ತಂತ್ರಾಂಶಗಳು ಅಳೆಯುತ್ತಿರುವುದು ಅದನ್ನೇ. ಇಲ್ಲಿ ಕೊಟ್ಟಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ನಿಯಮವನ್ನು ಮೊದಲು ತಿದ್ದಿ, ದಾರಿಗಳನ್ನು ಆಮೇಲೆ ಹುಡುಕಲು ಹೊರಟವರು ಒಳ್ಳೆಯ ನಿಯಮವನ್ನು ಒಂದೇ ಫಾರ್ಮ್‌ಗೆ ಅಂಟಿಸಿ, ಉಳಿದ ಬಾಗಿಲುಗಳನ್ನು ತೆರೆದೇ ಬಿಟ್ಟಿರುತ್ತಾರೆ.

ಆರಂಭಿಸುವ ಮುನ್ನ ಬೇಕಾದವು

ನಿಮ್ಮ ತಂತ್ರಾಂಶದ ಪರೀಕ್ಷಾ ಪ್ರತಿಯೊಂದು ಬೇಕು. ನಿಜವಾದ ಬಳಕೆದಾರರ ಖಾತೆಗಳಿರುವ ಸರ್ವರ್ ಮೇಲೆ ಈ ಪ್ರಯೋಗಗಳನ್ನು ಮಾಡಬಾರದು. ಬ್ರೌಸರ್ ಇಲ್ಲದೆಯೇ ಸರ್ವರ್‌ಗೆ ನೇರವಾಗಿ ಕೋರಿಕೆ ಕಳಿಸಲು ಕರ್ಲ್‌ನಂಥ ಸಾಧನ, ಮೂಲಸಂಕೇತದಲ್ಲಿ ಹುಡುಕುವ ಅನುಮತಿ, ಡೇಟಾಬೇಸ್ ಮತ್ತು ಲಾಗ್ (ಘಟನೆಗಳ ದಾಖಲೆ) ಕಡತಗಳನ್ನು ಓದುವ ಅನುಮತಿ ಇವಿಷ್ಟೂ ಕೈಯಲ್ಲಿರಲಿ. ನೀವು ಬಳಸುತ್ತಿರುವ ಹ್ಯಾಶ್ ಕ್ರಮ (ಪಾಸ್‌ವರ್ಡ್ ಅನ್ನು ಮರಳಿ ಬಿಡಿಸಲಾಗದ ಚಿಹ್ನೆಗಳ ಸಾಲಾಗಿ ಬದಲಿಸಿ ಉಳಿಸುವ ವಿಧಾನ) ಯಾವುದು, ಅದರ ಲೈಬ್ರರಿಯ ಆವೃತ್ತಿ ಯಾವುದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾಲ್ಕನೇ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 1: ಪಾಸ್‌ವರ್ಡ್ ಒಳಬರುವ ಎಲ್ಲ ದಾರಿಗಳನ್ನು ಪಟ್ಟಿ ಮಾಡಿ

ನೋಂದಣಿ ಫಾರ್ಮ್ ಎಲ್ಲರಿಗೂ ನೆನಪಾಗುತ್ತದೆ. ಮರೆತುಹೋಗುವವು ಬೇರೆ: ಪಾಸ್‌ವರ್ಡ್ ಬದಲಾಯಿಸುವ ಪುಟ, ಮರೆತವರಿಗೆ ಇಮೇಲ್ ಮೂಲಕ ಬರುವ ಕೊಂಡಿ, ಮೊಬೈಲ್ ಆಪ್ ಸರ್ವರ್‌ನೊಡನೆ ಮಾತಾಡಲು ಬಳಸುವ ಎಪಿಐ, ಆಡಳಿತಗಾರರು ಹೊಸ ಖಾತೆ ತೆರೆಯುವ ಪುಟ, ಕಡತದಿಂದ ನೂರಾರು ಖಾತೆಗಳನ್ನು ಒಟ್ಟಿಗೆ ತುಂಬುವ ಸ್ಕ್ರಿಪ್ಟ್, ಕಮಾಂಡ್ ಸಾಲು, ನೇರ ಡೇಟಾಬೇಸ್ ಆದೇಶ. ಹ್ಯಾಶ್ ಮಾಡುವ ಫಂಕ್ಷನ್ ಎಲ್ಲೆಲ್ಲಿಂದ ಕರೆಯಲ್ಪಡುತ್ತದೆ ಎಂದು ಮೂಲಸಂಕೇತದಲ್ಲಿ ಹುಡುಕುವುದು ಈ ಪಟ್ಟಿ ಮಾಡಲು ಅತ್ಯಂತ ಖಚಿತವಾದ ವಿಧಾನ, ಏಕೆಂದರೆ ಯಾವ ದಾರಿಯಿಂದ ಬಂದ ಪಾಸ್‌ವರ್ಡ್ ಆದರೂ ಕೊನೆಗೆ ಅಲ್ಲಿಗೆ ಬರಲೇಬೇಕು.

ಪ್ರಸಿದ್ಧ ಚೌಕಟ್ಟುಗಳನ್ನು (ಫ್ರೇಮ್‌ವರ್ಕ್‌ಗಳನ್ನು) ಬಳಸುವವರು ಚೌಕಟ್ಟೇ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ಭಾವಿಸಿ ಎಡವುತ್ತಾರೆ. ಪೈಥಾನ್‌ನ ಜಾಂಗೋ ಚೌಕಟ್ಟಿನಲ್ಲಿ ಪಾಸ್‌ವರ್ಡ್ ವ್ಯಾಲಿಡೇಟರ್‌ಗಳು, ಅಂದರೆ ತಪಾಸಣೆಯ ತುಣುಕುಗಳು, ಅದರ ಸಿದ್ಧ ಫಾರ್ಮ್‌ಗಳಲ್ಲಿ ಮತ್ತು ಪಾಸ್‌ವರ್ಡ್ ಬದಲಿಸುವ ಕಮಾಂಡ್‌ಗಳಲ್ಲಿ ಓಡುತ್ತವೆ. ಆದರೆ ಬಳಕೆದಾರನನ್ನು ಸೃಷ್ಟಿಸುವ ಫಂಕ್ಷನ್ ಅನ್ನು ನಿಮ್ಮ ಕೋಡ್‌ನಿಂದ ನೇರವಾಗಿ ಕರೆದರೆ ಅವು ಓಡುವುದಿಲ್ಲ. ಇದು ಅದರ ದಸ್ತಾವೇಜಿನಲ್ಲೇ ಹೇಳಿರುವ ಉದ್ದೇಶಪೂರ್ವಕ ವಿನ್ಯಾಸ. ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಗುಣಮಟ್ಟ ನೋಡುವ ಪಿಡಬ್ಲ್ಯುಕ್ವಾಲಿಟಿ ಮಾಡ್ಯೂಲ್ ಕೂಡ ಮೂಲ ಹೊಂದಾಣಿಕೆಯಲ್ಲಿ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಎಚ್ಚರಿಕೆಯನ್ನಷ್ಟೇ ತೋರಿಸಿ, ದುರ್ಬಲ ಪಾಸ್‌ವರ್ಡ್ ಅನ್ನು ಒಪ್ಪಿಕೊಂಡುಬಿಡುತ್ತದೆ. ರೂಟ್‌ಗೂ ನಿಯಮ ಕಡ್ಡಾಯಗೊಳಿಸುವ ಆಯ್ಕೆಯನ್ನು ನೀವೇ ಹಾಕಬೇಕು. ಅದೇ ಮಾಡ್ಯೂಲ್‌ನ ಕ್ರೆಡಿಟ್ ಎಂಬ ಸಂಖ್ಯೆಗಳು ಇನ್ನೊಂದು ಬಲೆ. ಅಂಕಿಯ ಕ್ರೆಡಿಟ್ ಅನ್ನು 1 ಎಂದು ಬರೆದವರು ಕನಿಷ್ಠ ಒಂದು ಅಂಕಿ ಕಡ್ಡಾಯವಾಯಿತು ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಧನ ಸಂಖ್ಯೆ ಬರೆದರೆ, ಅಂಕಿ ಬಳಸಿದವರಿಗೆ ಕನಿಷ್ಠ ಉದ್ದದಲ್ಲಿ ಒಂದು ಅಕ್ಷರದ ರಿಯಾಯಿತಿ ಸಿಗುತ್ತದೆ. ಕಡ್ಡಾಯ ಮಾಡಲು ಬರೆಯಬೇಕಾದದ್ದು -1.

ಮೊದಲೇ ಹ್ಯಾಶ್ ಆಗಿ ಬರುವ ಪಾಸ್‌ವರ್ಡ್‌ಗಳದು ಬೇರೆಯೇ ಸಮಸ್ಯೆ. ಹ್ಯಾಶ್ ಅನ್ನು ನೋಡಿ ಅದರ ಹಿಂದಿರುವ ಪಾಸ್‌ವರ್ಡ್‌ನ ಬಲ ಹೇಳಲು ಯಾವ ತಪಾಸಣೆಗೂ ಸಾಧ್ಯವಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನ ಪಾಸ್‌ವರ್ಡ್‌ಚೆಕ್ ಮಾಡ್ಯೂಲ್ ಹಾಕಿ ನಿಶ್ಚಿಂತರಾದವರು ಇದನ್ನು ಗಮನಿಸಬೇಕು: ಅದರದೇ ಕ್ಲೈಂಟ್‌ನಲ್ಲಿ ಪಾಸ್‌ವರ್ಡ್ ಬದಲಿಸುವ ಆದೇಶವು ಹ್ಯಾಶ್ ಅನ್ನು ಬಳಕೆದಾರರ ಕಡೆಯಲ್ಲೇ ಮಾಡಿ ಕಳಿಸುವುದರಿಂದ, ಮಾಡ್ಯೂಲ್‌ಗೆ ನೋಡಲು ಹೆಚ್ಚೇನೂ ಸಿಗುವುದಿಲ್ಲ. ಮೈಎಸ್‌ಕ್ಯೂಎಲ್‌ನ ತಪಾಸಣೆಯೂ ಬಯಲು ಪಠ್ಯವಾಗಿ ಕೊಟ್ಟ ಪಾಸ್‌ವರ್ಡ್‌ಗೆ ಮಾತ್ರ ಅನ್ವಯಿಸುತ್ತದೆ. ಬಳಕೆದಾರರ ಖಾತೆಗಳ ಕೋಶ ನಡೆಸುವ ಓಪನ್‌ಎಲ್‌ಡ್ಯಾಪ್‌ನ ಗುಣಮಟ್ಟ ತಪಾಸಣೆಯ ಮೌಲ್ಯ 1 ಆಗಿದ್ದರೆ, ಪರೀಕ್ಷಿಸಲಾಗದ ಹ್ಯಾಶ್ ಅನ್ನು ಅದು ಒಪ್ಪುತ್ತದೆ. 2 ಆಗಿದ್ದರೆ ಮಾತ್ರ ನಿರಾಕರಿಸುತ್ತದೆ.

ಎಚ್ಚರಿಕೆಯ ಚಿಹ್ನೆ: ತಪಾಸಣೆಯ ಕೋಡ್ ಎರಡು ಅಥವಾ ಮೂರು ಕಡತಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾಗಿ ನಕಲಾಗಿದ್ದರೆ, ಯಾವುದೋ ಒಂದು ದಾರಿ ಸಡಿಲವಾಗಿದೆ ಎಂದೇ ತಿಳಿಯಿರಿ. ಎಲ್ಲ ದಾರಿಗಳೂ ಸರ್ವರ್‌ನಲ್ಲಿರುವ ಒಂದೇ ಫಂಕ್ಷನ್ ಮೂಲಕ ಹಾದುಹೋಗುವಂತೆ ಮಾಡಿದ ನಂತರವೇ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಬ್ರೌಸರ್‌ನ ತಪಾಸಣೆಯನ್ನು ಬದಿಗಿಟ್ಟು ಸರ್ವರ್ ಅನ್ನು ಪರೀಕ್ಷಿಸಿ

ಬ್ರೌಸರ್‌ನ ಡೆವಲಪರ್ ಸಾಧನದಲ್ಲಿ ನೋಂದಣಿಯ ಕೋರಿಕೆಯನ್ನು ಹಿಡಿದು, ಅದನ್ನು ಕರ್ಲ್ ಆದೇಶವಾಗಿ ನಕಲು ಮಾಡಿ, ಪಾಸ್‌ವರ್ಡ್ ಇರುವ ಜಾಗದಲ್ಲಿ 123456 ಎಂದು ಬರೆದು ಕಳಿಸಿ. ಖಾತೆ ತೆರೆದುಕೊಂಡರೆ ನಿಮ್ಮ ತಪಾಸಣೆ ಇದ್ದದ್ದು ಪರದೆಯ ಮೇಲೆ ಮಾತ್ರ. ಮೊದಲ ಹಂತದಲ್ಲಿ ಪಟ್ಟಿ ಮಾಡಿದ ಪ್ರತಿಯೊಂದು ದಾರಿಗೂ ಇದನ್ನೇ ಮಾಡಿ. ಖಾಲಿ ಪಾಸ್‌ವರ್ಡ್, ಬರಿಯ ಖಾಲಿ ಜಾಗಗಳಿರುವ ಪಾಸ್‌ವರ್ಡ್, ಪಾಸ್‌ವರ್ಡ್ ಕ್ಷೇತ್ರವೇ ಇಲ್ಲದ ಕೋರಿಕೆ ಈ ಮೂರನ್ನೂ ಕಳಿಸಿ ನೋಡಿ.

ಬಲಮಾಪಕ ಪಟ್ಟಿ ದುರ್ಬಲ ಎಂದು ತೋರಿಸುತ್ತಿದ್ದರೂ ಫಾರ್ಮ್ ಸ್ವೀಕೃತವಾಗುವುದು ಇದಕ್ಕೆ ಹತ್ತಿರದ ಇನ್ನೊಂದು ದೋಷ. ಮಾಪಕವು ಸಲಹೆ, ಸರ್ವರ್‌ನ ತೀರ್ಪು ನಿಯಮ. ಇವೆರಡರ ಮಾತು ಬೇರೆಯಾದರೆ ಬಳಕೆದಾರರು ಎರಡನ್ನೂ ನಂಬುವುದಿಲ್ಲ.

ಹಂತ 3: ತೀರ್ಪು ಬರೆದ ಪರೀಕ್ಷಾ ಪಟ್ಟಿ ತಯಾರಿಸಿ

ಏನನ್ನೂ ತಿದ್ದುವ ಮುನ್ನ ಒಂದು ಕಡತದಲ್ಲಿ ಪಾಸ್‌ವರ್ಡ್‌ಗಳನ್ನೂ, ಪ್ರತಿಯೊಂದರ ಎದುರು ಒಪ್ಪಬೇಕೋ ನಿರಾಕರಿಸಬೇಕೋ ಎಂಬ ತೀರ್ಪನ್ನೂ ಬರೆಯಿರಿ. ನಿಯಮಗಳಿಗೆಲ್ಲ ಹೊಂದಿಕೊಂಡೂ ದುರ್ಬಲವಾಗಿರುವವು ಮೊದಲ ಗುಂಪು: ಆರಂಭದಲ್ಲಿ ಹೇಳಿದ ಉದಾಹರಣೆ, ಋತುವಿನ ಹೆಸರಿನ ಮುಂದೆ ಇಸವಿ ಮತ್ತು ಒಂದು !, ಕೀಲಿಮಣೆಯ ಒಂದು ಸಾಲಿನ ಉದ್ದಕ್ಕೂ ಬೆರಳಾಡಿಸಿದ್ದು. ನಿಯಮಗಳನ್ನು ಮುರಿದೂ ಬಲವಾಗಿರುವವು ಎರಡನೆಯ ಗುಂಪು: ಯಾದೃಚ್ಛಿಕವಾಗಿ ಆರಿಸಿದ ಐದಾರು ಪದಗಳ ಸಾಲು, ಪಾಸ್‌ವರ್ಡ್ ಮ್ಯಾನೇಜರ್ ಸೃಷ್ಟಿಸಿದ ಸಣ್ಣಕ್ಷರಗಳಷ್ಟೇ ಇರುವ ಇಪ್ಪತ್ತು ಅಕ್ಷರಗಳು. ಬಳಕೆದಾರರ ಹೆಸರು, ಇಮೇಲ್, ಸೇವೆಯ ಹೆಸರು ಸೇರಿರುವವು ಮೂರನೆಯ ಗುಂಪು. ಉದ್ದದ ಗಡಿಗಳಲ್ಲಿ ಬರುವವು ಮತ್ತು ಬೇರೆ ಲಿಪಿಗಳವು ಕೊನೆಯವು.

ಎರಡನೆಯ ಗುಂಪನ್ನು ಬಿಡುವುದೇ ಇಲ್ಲಿನ ಸಾಮಾನ್ಯ ತಪ್ಪು. ದುರ್ಬಲವಾದದ್ದನ್ನು ತಡೆಯುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ಬಲವಾದದ್ದನ್ನು ಒಪ್ಪುತ್ತದೆಯೇ ಎಂದು ನೋಡುವವರು ಕಡಿಮೆ. ಬಲವಾದ ಪಾಸ್‌ವರ್ಡ್ ತಿರಸ್ಕೃತವಾದ ಬಳಕೆದಾರ ಮುಂದೆ ಮಾಡುವುದು ನಿಯಮಕ್ಕೆ ಹೊಂದುವ ಸುಲಭದ ಪಾಸ್‌ವರ್ಡ್ ಅನ್ನು ಕೊಡುವುದು, ಹಾಗಾಗಿ ಈ ದೋಷವೂ ಭದ್ರತೆಯ ದೋಷವೇ.

ಹಂತ 4: ಉದ್ದ, ಬೈಟ್ ಮತ್ತು ಯೂನಿಕೋಡ್ ಲೆಕ್ಕವನ್ನು ಸರಿಪಡಿಸಿ

ಈ ಹಂತವನ್ನು ನಿಧಾನವಾಗಿ ಮಾಡಿ. ಇಲ್ಲಿನ ದೋಷಗಳು ಯಾವ ಸಂದೇಶವನ್ನೂ ತೋರಿಸದೆ ಅಡಗಿರುತ್ತವೆ, ಮತ್ತು ಮುಂದಿನ ಹಂತಗಳ ತೀರ್ಪೆಲ್ಲ ಇಲ್ಲಿ ಅಳೆದ ಪಠ್ಯದ ಮೇಲೆಯೇ ನಿಂತಿದೆ.

ವ್ಯಾಪಕವಾಗಿ ಬಳಕೆಯಲ್ಲಿರುವ ಬಿಕ್ರಿಪ್ಟ್ ಹ್ಯಾಶ್ ಮೊದಲ 72 ಬೈಟ್‌ಗಳನ್ನು ಮಾತ್ರ ಪರಿಗಣಿಸುತ್ತದೆ. ಹೆಚ್ಚಿನದನ್ನು ಕೆಲವು ಲೈಬ್ರರಿಗಳು ದೋಷವೆಂದು ಹೇಳುತ್ತವೆ, ಹಲವು ಸದ್ದಿಲ್ಲದೆ ಕತ್ತರಿಸಿಬಿಡುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ 72 ಎಂಬುದು ಧಾರಾಳ ಎನಿಸುತ್ತದೆ. ಆದರೆ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೆ, ಅಂದರೆ ಯೂನಿಕೋಡ್ ಸಂಖ್ಯೆ ಕೊಟ್ಟಿರುವ ಪ್ರತಿ ಬಿಡಿ ಚಿಹ್ನೆಗೆ, 3 ಬೈಟ್ ಬೇಕು. ವಿಶ್ವವಿದ್ಯಾಲಯ ಎಂಬ ಪದವನ್ನು ನೋಡಿ: ಕಣ್ಣಿಗೆ ಕಾಣುವುದು ಆರು ಅಕ್ಷರ, ಒಳಗಿರುವುದು ಒತ್ತು, ಗುಣಿತದ ಚಿಹ್ನೆಗಳೆಲ್ಲ ಸೇರಿ 13 ಕೋಡ್ ಪಾಯಿಂಟ್, ಅಂದರೆ 39 ಬೈಟ್. ಇಂಥ ಎರಡು ಪದಗಳನ್ನು ನಡುವೆ ಒಂದು ಜಾಗ ಬಿಟ್ಟು ಬರೆದರೆ 79 ಬೈಟ್ ಆಗುತ್ತದೆ. ಕೊನೆಯ 7 ಬೈಟ್ ಉದುರಿಹೋಗುವುದರಿಂದ, ಎರಡನೆಯ ಪದದ ಕಡೆಯ ಎರಡು ಅಕ್ಷರಗಳನ್ನು ಏನೆಂದು ಬರೆದರೂ ಲಾಗಿನ್ ಆಗುತ್ತದೆ. ನಿಮ್ಮ ತಂತ್ರಾಂಶದಲ್ಲಿ ಹೀಗಾಗುತ್ತದೆಯೇ ಎಂದು ತಿಳಿಯುವುದು ಸುಲಭ: ಉದ್ದವಾದ ಪಾಸ್‌ವರ್ಡ್ ಇಟ್ಟು, ಅದರ ಕೊನೆಯ ಅಕ್ಷರವನ್ನು ಬದಲಿಸಿ ಲಾಗಿನ್ ಆಗಲು ಯತ್ನಿಸಿ. ಒಳಗೆ ಬಿಟ್ಟರೆ ಕತ್ತರಿಸುವಿಕೆ ನಡೆಯುತ್ತಿದೆ.

ಈ ಮಿತಿ ದೊಡ್ಡ ಸೇವೆಗಳನ್ನೂ ಕೆಡವಿದೆ. ಬಳಕೆದಾರರ ಗುರುತುಸಂಖ್ಯೆ, ಬಳಕೆದಾರ ಹೆಸರು, ಪಾಸ್‌ವರ್ಡ್ ಮೂರನ್ನೂ ಸಾಲಾಗಿ ಜೋಡಿಸಿ ಬಿಕ್ರಿಪ್ಟ್‌ಗೆ ಕೊಡುತ್ತಿದ್ದ ಲಾಗಿನ್ ವ್ಯವಸ್ಥೆ ಒದಗಿಸುವ ಒಕ್ಟಾ ಸೇವೆಯು, 52 ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳ ಬಳಕೆದಾರ ಹೆಸರಿದ್ದಾಗ ನಿರ್ದಿಷ್ಟ ಸಂದರ್ಭಗಳಲ್ಲಿ ಪಾಸ್‌ವರ್ಡ್ ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಪಾಸ್‌ವರ್ಡ್‌ಗಿಂತ ಮೊದಲು ಬೇರೇನನ್ನಾದರೂ ಜೋಡಿಸುವ ಕೋಡ್ ನಿಮ್ಮಲ್ಲಿದ್ದರೆ ಅದನ್ನು ಇವತ್ತೇ ನೋಡಿ.

ಹೊಸ ತಂತ್ರಾಂಶಕ್ಕೆ ಆರ್ಗಾನ್2ಐಡಿ ಹ್ಯಾಶ್ ಆರಿಸಿಕೊಳ್ಳಿ. 19 ಮೆಬಿಬೈಟ್ ಮೆಮೊರಿ, 2 ಸುತ್ತು, 1 ಸಮಾಂತರ ಎಳೆ ಎಂಬುದು ತಂತ್ರಾಂಶ ಭದ್ರತೆಯ ಓವಾಸ್ಪ್ ಸಂಸ್ಥೆ ಸೂಚಿಸುವ ಕನಿಷ್ಠ ಹೊಂದಾಣಿಕೆಗಳಲ್ಲಿ ಒಂದು. ಬಿಕ್ರಿಪ್ಟ್‌ನಲ್ಲೇ ಉಳಿಯಬೇಕಾದರೆ 72 ಬೈಟ್ ಮೀರಿದ್ದನ್ನು ಸ್ಪಷ್ಟ ಸಂದೇಶದೊಂದಿಗೆ ನಿರಾಕರಿಸಿ, ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಎಣಿಸಿ.

ಒಂದೇ ಅಕ್ಷರವನ್ನು ಯೂನಿಕೋಡ್‌ನಲ್ಲಿ ಹಲವು ರೀತಿಯಲ್ಲಿ ಬರೆಯಬಹುದಾಗಿರುವುದು ಮುಂದಿನ ತೊಡಕು. ಕೋ ಎಂಬುದನ್ನು ಕ ಮತ್ತು ಓತ್ವದ ಒಂದೇ ಚಿಹ್ನೆಯಾಗಿ ಬರೆದರೆ 2 ಕೋಡ್ ಪಾಯಿಂಟ್. ಬಿಡಿಸಿದ ರೂಪದಲ್ಲಿ ಕ, ಎತ್ವ, ಊತ್ವ ಮತ್ತು ದೀರ್ಘದ ಗುರುತು ಸೇರಿ 4 ಕೋಡ್ ಪಾಯಿಂಟ್. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ. ಹೀಗಾಗಿ ಒಂದು ಸಾಧನದಲ್ಲಿ ಇಟ್ಟ ಪಾಸ್‌ವರ್ಡ್ ಇನ್ನೊಂದರಲ್ಲಿ ತಪ್ಪೆಂದು ಬರಬಹುದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಮಾರ್ಗಸೂಚಿ ಯೂನಿಕೋಡ್ ಪಾಸ್‌ವರ್ಡ್‌ಗಳನ್ನು ಏಕರೂಪಗೊಳಿಸಿದ ನಂತರವೇ ಹ್ಯಾಶ್ ಮಾಡಲು ಹೇಳುತ್ತದೆ. ನೋಂದಣಿ, ಲಾಗಿನ್, ಬದಲಾವಣೆ ಮೂರರಲ್ಲೂ ಒಂದೇ ಏಕರೂಪ, ಉದಾಹರಣೆಗೆ ಯೂನಿಕೋಡ್‌ನ ಎನ್‌ಎಫ್‌ಕೆಸಿ, ಬಳಸಿ. ಏಕರೂಪಗೊಳಿಸಿದರೂ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಗಳು ಹಾಗೆಯೇ ಉಳಿಯುತ್ತವೆ ಎಂಬುದು ನೆನಪಿರಲಿ. ಕನ್ನಡದಲ್ಲಿ ಅರ್ಧಾಕ್ಷರ ಬಿಡಿಯಾಗಿ ಕಾಣಿಸಲು ಕೆಲವು ಕೀಲಿಮಣೆಗಳು ಅಂಥ ಚಿಹ್ನೆ ಹಾಕುತ್ತವೆ, ಕೆಲವು ಹಾಕುವುದಿಲ್ಲ.

ಎಚ್ಚರಿಕೆಯ ಚಿಹ್ನೆಗಳು: ಪಾಸ್‌ವರ್ಡ್ ಬದಲಿಸಿದ ಕೂಡಲೇ ಲಾಗಿನ್ ಆಗುವುದಿಲ್ಲ ಎಂಬ ದೂರುಗಳು ಬರುತ್ತಿದ್ದರೆ, ಫಾರ್ಮ್‌ನಲ್ಲಿ ಗರಿಷ್ಠ ಉದ್ದದ ಗುಣವಿದ್ದು ಅಂಟಿಸಿದ ಪಾಸ್‌ವರ್ಡ್‌ನ ಬಾಲ ಸದ್ದಿಲ್ಲದೆ ಕತ್ತರಿಸಿಹೋಗುತ್ತಿರಬಹುದು. ಅಥವಾ ಒಂದು ಪುಟ ತುದಿಯ ಖಾಲಿ ಜಾಗವನ್ನು ಅಳಿಸಿ, ಇನ್ನೊಂದು ಹಾಗೆಯೇ ಉಳಿಸುತ್ತಿರಬಹುದು. ಕನಿಷ್ಠ 64 ಅಕ್ಷರಗಳವರೆಗೆ ಅವಕಾಶ ಕೊಡಿ, ಅಂಟಿಸುವುದನ್ನು ತಡೆಯಬೇಡಿ.

ಹಂತ 5: ಅಕ್ಷರವರ್ಗಗಳ ನಿಯಮವನ್ನು ತೆಗೆದುಹಾಕಿ

ದೊಡ್ಡಕ್ಷರ, ಅಂಕಿ, ಚಿಹ್ನೆ ಕಡ್ಡಾಯವೆಂದರೆ ಊಹಿಸಬೇಕಾದ ಸಾಧ್ಯತೆಗಳು ಹೆಚ್ಚುತ್ತವೆ ಎಂಬ ವಾದ ಕೇಳಲು ಸರಿ. ಕೀಲಿಮಣೆಯ 94 ಚಿಹ್ನೆಗಳಿಂದ ಯಾದೃಚ್ಛಿಕವಾಗಿ ಆರಿಸಿದ ಎಂಟು ಅಕ್ಷರಗಳಿಗೆ ಸುಮಾರು 61 ಕೋಟಿ ಕೋಟಿ ಸಾಧ್ಯತೆಗಳಿವೆ. ಆದರೆ ಮನುಷ್ಯರು ನಿಯಮವನ್ನು ಪೂರೈಸುವ ರೀತಿ ಬಹುಮಟ್ಟಿಗೆ ಒಂದೇ: ಮೊದಲು ದೊಡ್ಡಕ್ಷರ, ನಡುವೆ ಸಣ್ಣಕ್ಷರಗಳು, ಕೊನೆಯಲ್ಲಿ ಒಂದು ಅಂಕಿ, ಅದರ ಮುಂದೆ ಒಂದು ಚಿಹ್ನೆ. ಈ ಒಂದು ಅಚ್ಚಿಗೆ ಸೇರುವ ಎಂಟಕ್ಷರದ ಪಾಸ್‌ವರ್ಡ್‌ಗಳು 26ರ ಆರನೇ ಘಾತವನ್ನು 10 ಮತ್ತು 32ರಿಂದ ಗುಣಿಸಿದಷ್ಟು, ಅಂದರೆ ಸುಮಾರು 9,900 ಕೋಟಿ ಮಾತ್ರ. ವೇಗದ ಹ್ಯಾಶ್ ಮೇಲೆ ಸೆಕೆಂಡಿಗೆ 1,000 ಕೋಟಿ ಊಹೆ ಮಾಡುವ ದಾಳಿಕೋರನಿಗೆ ಮೊದಲನೆಯದು ಮುಗಿಯಲು ಏಳು ದಿನ ಬೇಕು, ಎರಡನೆಯದಕ್ಕೆ ಹತ್ತು ಸೆಕೆಂಡ್ ಸಾಕು. ಅದೂ ಪ್ರತಿ ಸಣ್ಣಕ್ಷರವನ್ನು ಯಾದೃಚ್ಛಿಕವೆಂದು ಹಿಡಿದ ಲೆಕ್ಕ. ನಡುವೆ ಇರುವುದು ನಿಘಂಟಿನ ಪದವಾದರೆ ಅಷ್ಟೂ ಬೇಡ.

ಅಕ್ಷರವರ್ಗ ಎಣಿಸಿ ಉದ್ದದಿಂದ ಗುಣಿಸುವ ಎಂಟ್ರಪಿ (ಊಹಿಸುವ ಕಷ್ಟದ ಅಳತೆ) ಸೂತ್ರ ಸುಳ್ಳು ಹೇಳುವುದೂ ಇದೇ ಕಾರಣಕ್ಕೆ. ನಮ್ಮ ಮೊದಲ ಉದಾಹರಣೆಯ ಹತ್ತು ಚಿಹ್ನೆಗಳಿಗೆ ಆ ಸೂತ್ರ ಸುಮಾರು 65 ಬಿಟ್ ಬಲ ಕೊಡುತ್ತದೆ. ಆ ಸೂತ್ರ ಸರಿಯಾಗುವುದು ಪಾಸ್‌ವರ್ಡ್ ಅನ್ನು ಯಂತ್ರ ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ. ಎದುರಿಗಿರುವ ಪಾಸ್‌ವರ್ಡ್ ಹೇಗೆ ಹುಟ್ಟಿತು ಎಂಬುದು ತಪಾಸಣೆಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ವರ್ಗಗಳ ನಿಯಮವನ್ನು ಅಳಿಸಿ, ಉದ್ದದ ನಿಯಮವನ್ನು ಬಿಗಿಗೊಳಿಸಿ. ಎನ್‌ಐಎಸ್‌ಟಿ 2017ರಲ್ಲೇ ಇಂಥ ನಿಯಮಗಳನ್ನು ಹೇರಬೇಡಿ ಎಂದು ಸೂಚಿಸಿತ್ತು. 2025ರಲ್ಲಿ ಬಂದ ನಾಲ್ಕನೇ ಪರಿಷ್ಕರಣೆ ಅದನ್ನು ನಿಷೇಧವನ್ನಾಗಿಯೇ ಮಾಡಿ, ಪಾಸ್‌ವರ್ಡ್ ಒಂದರಿಂದಲೇ ಒಳಗೆ ಬಿಡುವ ವ್ಯವಸ್ಥೆಗೆ ಕನಿಷ್ಠ 15 ಅಕ್ಷರ, ಎರಡನೇ ಪುರಾವೆಯೂ ಇರುವಲ್ಲಿ ಕನಿಷ್ಠ 8 ಅಕ್ಷರ ಎಂದು ನಿಗದಿಪಡಿಸಿತು. ಮೂರು ತಿಂಗಳಿಗೊಮ್ಮೆ ಬದಲಾಯಿಸುವ ಒತ್ತಾಯವನ್ನೂ ಇದರೊಂದಿಗೇ ತೆಗೆಯಿರಿ. ಅದು ಕೊನೆಯ ಅಂಕಿಯನ್ನು ಒಂದೊಂದೇ ಏರಿಸುವ ಅಭ್ಯಾಸವನ್ನಷ್ಟೇ ಬೆಳೆಸುತ್ತದೆ.

ಹಂತ 6: ಸೋರಿಹೋದ ಪಾಸ್‌ವರ್ಡ್‌ಗಳ ಪಟ್ಟಿಯೊಂದಿಗೆ ಹೋಲಿಸಿ

ಒಂದೇ ಒಂದು ತಪಾಸಣೆಗೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ. 2009ರಲ್ಲಿ ರಾಕ್‌ಯೂ ಸೇವೆಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಬಯಲು ಪಠ್ಯದಲ್ಲೇ ಸೋರಿದಂದಿನಿಂದ ದಾಳಿಕೋರರು ಶುರುಮಾಡುವುದು ಇಂಥ ಪಟ್ಟಿಗಳಿಂದ, ನಾವೂ ಅಲ್ಲಿಂದಲೇ ತಡೆಯಬೇಕು.

ಸೋರಿದ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸುವ ಹ್ಯಾವ್ ಐ ಬೀನ್ ಪೋನ್ಡ್ ಸೇವೆಯ ಪಟ್ಟಿಯಲ್ಲಿ, ಪಾಸ್‌ವರ್ಡ್ ಅನ್ನು ಯಾರಿಗೂ ಕೊಡದೆ ಹುಡುಕಬಹುದು. ಪಾಸ್‌ವರ್ಡ್‌ನ ಶಾ-1 ಹ್ಯಾಶ್ ಮಾಡಿದರೆ 40 ಚಿಹ್ನೆಗಳು ಬರುತ್ತವೆ. ಅವುಗಳಲ್ಲಿ ಮೊದಲ 5 ಮಾತ್ರ ಕಳಿಸಬೇಕು. ಅದೇ ಐದರಿಂದ ಶುರುವಾಗುವ ಎಲ್ಲ ಹ್ಯಾಶ್‌ಗಳ ಉಳಿದ 35 ಚಿಹ್ನೆಗಳು, ಪ್ರತಿಯೊಂದೂ ಎಷ್ಟು ಬಾರಿ ಸೋರಿದೆ ಎಂಬ ಎಣಿಕೆಯೊಂದಿಗೆ ಹಿಂತಿರುಗುತ್ತವೆ. ನಿಮ್ಮದು ಅದರಲ್ಲಿದೆಯೇ ಎಂದು ನಿಮ್ಮ ಸರ್ವರ್‌ನಲ್ಲೇ ನೋಡಬೇಕು. ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದವನ್ನೇ, ಎಲ್ಲ ಸಣ್ಣಕ್ಷರಗಳಲ್ಲಿ, ಹ್ಯಾಶ್ ಮಾಡಿದರೆ ಮೊದಲ ಐದು ಚಿಹ್ನೆಗಳು 5ಬಿಎಎ6 ಎಂದು ಬರಬೇಕು. ಬರದಿದ್ದರೆ ನಿಮ್ಮ ಕೋಡ್‌ನಲ್ಲಿ ತಪ್ಪಿದೆ.

ಆ ತಪ್ಪು ಹೆಚ್ಚಾಗಿ ಇವುಗಳಲ್ಲಿ ಒಂದು. ಎಕೋ ಆದೇಶದಿಂದ ಹ್ಯಾಶ್ ಮಾಡುವಾಗ ಕೊನೆಯಲ್ಲಿ ಹೊಸಸಾಲಿನ ಚಿಹ್ನೆ ಸೇರಿ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ, ಹುಡುಕಿದ ಯಾವುದೂ ಸಿಗುವುದಿಲ್ಲ, ಎಲ್ಲವೂ ಸುರಕ್ಷಿತವೆಂದು ಕಾಣುತ್ತದೆ. ಒಂದು ಕಡೆ ದೊಡ್ಡಕ್ಷರದ ಹ್ಯಾಶ್, ಇನ್ನೊಂದು ಕಡೆ ಸಣ್ಣಕ್ಷರದ್ದು ಇಟ್ಟು ಹೋಲಿಸಿದರೂ ಇದೇ ಫಲ. ಉತ್ತರದ ಗಾತ್ರ ಮರೆಮಾಚಲು ಪ್ಯಾಡಿಂಗ್ (ತುಂಬುಸಾಲುಗಳು) ಕೇಳಿದವರು, ಎಣಿಕೆ 0 ಇರುವ ಸಾಲುಗಳು ಕೃತಕವೆಂಬುದನ್ನು ಮರೆತು ಅವನ್ನೂ ಸೋರಿಕೆಯೆಂದು ಲೆಕ್ಕ ಹಾಕುತ್ತಾರೆ.

ಈ ಹುಡುಕಾಟವನ್ನು ಫಾರ್ಮ್ ಸಲ್ಲಿಸಿದಾಗ ಮಾತ್ರ ಮಾಡಿ. ಒಂದೊಂದು ಕೀಲಿ ಒತ್ತಿದಾಗಲೂ ಮಾಡಿದರೆ, ಒಂದಕ್ಷರ, ಎರಡಕ್ಷರ, ಮೂರಕ್ಷರಗಳ ಹ್ಯಾಶ್‌ಗಳ ಆದಿಭಾಗ ಸಾಲಾಗಿ ಹೊರಹೋಗುತ್ತದೆ, ಮತ್ತು ಆ ಸಾಲನ್ನು ನೋಡಿದವರು ಪಾಸ್‌ವರ್ಡ್ ಅನ್ನು ಅಕ್ಷರಕ್ಷರವಾಗಿ ಕಟ್ಟಿಕೊಳ್ಳಬಹುದು. ಸೇವೆ ಉತ್ತರ ಕೊಡದಿದ್ದಾಗ ಏನು ಮಾಡಬೇಕೆಂಬುದನ್ನೂ ಈಗಲೇ ತೀರ್ಮಾನಿಸಿ. ದೋಷವನ್ನು ನುಂಗಿ ಎಲ್ಲವನ್ನೂ ಒಪ್ಪುವ ಕೋಡ್ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೆ ಹಾಗೆಯೇ ಓಡುತ್ತಿರುತ್ತದೆ. ಅತಿ ಸಾಮಾನ್ಯ ಪಾಸ್‌ವರ್ಡ್‌ಗಳ ಚಿಕ್ಕ ಪಟ್ಟಿಯೊಂದನ್ನು ಸ್ವಂತ ಸರ್ವರ್‌ನಲ್ಲೇ ಇಟ್ಟುಕೊಂಡರೆ ಆ ಹೊತ್ತಿಗೆ ಆಸರೆಯಾಗುತ್ತದೆ.

ಹೋಲಿಕೆ ಇಡೀ ಪಾಸ್‌ವರ್ಡ್‌ನೊಂದಿಗೆ ನಡೆಯಬೇಕು. ಪಟ್ಟಿಯ ಯಾವುದೋ ಪದ ಒಳಗೆಲ್ಲೋ ಇದೆ ಎಂದು ಉದ್ದನೆಯ ಪದಸಾಲನ್ನು ತಿರಸ್ಕರಿಸಿದರೆ, ಮೂರನೇ ಹಂತದ ಎರಡನೆಯ ಗುಂಪು ಪೂರ್ತಿ ಸೋಲುತ್ತದೆ.

ಹಂತ 7: ಊಹೆಯ ಅಂದಾಜು ಮಾಡುವ ಲೈಬ್ರರಿಯನ್ನು ಅದರ ಮಿತಿಯರಿತು ಬಳಸಿ

ಸೋರಿದ ಪಟ್ಟಿಯಲ್ಲಿಲ್ಲದ, ಆದರೂ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳಿಗೆ ಡ್ರಾಪ್‌ಬಾಕ್ಸ್‌ನವರು 2012ರಲ್ಲಿ ಬಿಡುಗಡೆ ಮಾಡಿದ ಝಡ್‌ಎಕ್ಸ್‌ಸಿವಿಬಿಎನ್ ಲೈಬ್ರರಿ ಉಪಯುಕ್ತ. ನಿಘಂಟಿನ ಪದ, ಕೀಲಿಮಣೆಯ ನೆರೆಹೊರೆಯ ಕೀಲಿಗಳು, ಪುನರಾವರ್ತನೆ, ಅನುಕ್ರಮ, ದಿನಾಂಕ ಇವನ್ನೆಲ್ಲ ಗುರುತಿಸಿ, ಎಷ್ಟು ಊಹೆಗಳು ಬೇಕಾಗಬಹುದೆಂದು ಲೆಕ್ಕ ಹಾಕಿ 0ಯಿಂದ 4ರವರೆಗೆ ಅಂಕ ಕೊಡುತ್ತದೆ. ಅಂಕ 3 ಎಂದರೆ 10 ಕೋಟಿಯಿಂದ 1,000 ಕೋಟಿ ಊಹೆ, ಅದನ್ನು ಮೀರಿದರೆ 4. ಲಾಗಿನ್ ಪುಟದಲ್ಲಿ ಪ್ರಯತ್ನಗಳಿಗೆ ಮಿತಿಯಿದ್ದಾಗ 3 ಸಾಕೆನಿಸುತ್ತದೆ. ಡೇಟಾಬೇಸ್ ಕಳುವಾದರೆ, ವೇಗದ ಹ್ಯಾಶ್ ಮೇಲೆ ಅಷ್ಟು ಊಹೆಗಳಿಗೆ ಒಂದು ಸೆಕೆಂಡ್ ಸಾಲುತ್ತದೆ. ಆದ್ದರಿಂದ ಅಂಕದ ಗಡಿಯನ್ನು ಹ್ಯಾಶ್ ಕ್ರಮದ ಜೊತೆಗಿಟ್ಟು ತೀರ್ಮಾನಿಸಬೇಕು.

ಬಳಕೆದಾರರ ಹೆಸರು, ಇಮೇಲ್, ಸೇವೆಯ ಹೆಸರನ್ನು ಲೈಬ್ರರಿಗೆ ಬೇರೆಯಾಗಿ ಒದಗಿಸಬೇಕು, ಅದು ತಾನಾಗಿ ತಿಳಿದುಕೊಳ್ಳುವುದಿಲ್ಲ. ಜಾಂಗೋದಲ್ಲೂ ಇದೇ ಎಡವಟ್ಟು ಕಾಣುತ್ತದೆ: ತಪಾಸಣಾ ಫಂಕ್ಷನ್ ಕರೆಯುವಾಗ ಬಳಕೆದಾರನನ್ನು ಜೊತೆಗೆ ಕೊಡದಿದ್ದರೆ, ಹೆಸರಿನ ಹೋಲಿಕೆ ನೋಡುವ ವ್ಯಾಲಿಡೇಟರ್ ಏನೂ ಹೇಳದೆ ಸುಮ್ಮನಾಗುತ್ತದೆ.

ಇದಕ್ಕಿಂತ ಆಳವಾದ ಕೊರತೆ ಭಾಷೆಯದು. ಈ ಲೈಬ್ರರಿಯ ಮೂಲ ನಿಘಂಟುಗಳು ಇಂಗ್ಲಿಷಿನವು. ನಿಘಂಟಿಗೆ ಸಿಗದ ಪ್ರತಿ ಕೋಡ್ ಪಾಯಿಂಟ್‌ಗೂ ಅದು 10 ಊಹೆಗಳಂತೆ ಗುಣಿಸುತ್ತ ಹೋಗುತ್ತದೆ. ನಾಲ್ಕನೇ ಹಂತದಲ್ಲಿ ನೋಡಿದ ವಿಶ್ವವಿದ್ಯಾಲಯ ಎಂಬ ಒಂದೇ ಪದವನ್ನು ಕೊಟ್ಟರೆ, ಅದರ 13 ಕೋಡ್ ಪಾಯಿಂಟ್‌ಗಳಿಗೆ 10ರ 13ನೇ ಘಾತದ ಆಸುಪಾಸಿನ ಊಹೆ ಎಂದಾಗಿ ಅತ್ಯುನ್ನತ ಅಂಕವಾದ 4 ಬಂದುಬಿಡುತ್ತದೆ. ಯಾವ ಕನ್ನಡ ನಿಘಂಟಿನಲ್ಲಾದರೂ ಸಿಗುವ ಪದವದು. ಕೆಲವು ಲಕ್ಷ ಪದಗಳ ಪಟ್ಟಿಯಿದ್ದವರು ಅದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಟ್ಟುತ್ತಾರೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಬೇರೆ ಭಾಷೆಯ ಪದಗಳಿಗೂ, ವ್ಯಕ್ತಿನಾಮಗಳಿಗೂ ಇದೇ ಅನ್ವಯಿಸುತ್ತದೆ. ನಿಮ್ಮ ಬಳಕೆದಾರರು ಆಡುವ ಭಾಷೆಗಳ ಪದಪಟ್ಟಿಯನ್ನು, ಮೂಲಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ, ನೀವೇ ಜೋಡಿಸಬೇಕು. ಇದೇ ಲೈಬ್ರರಿಯ ಟೈಪ್‌ಸ್ಕ್ರಿಪ್ಟ್ ರೂಪಾಂತರದಲ್ಲಿ ಭಾಷಾವಾರು ನಿಘಂಟು ಸೇರಿಸಲು ವ್ಯವಸ್ಥೆಯಿದೆ. ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಮತ್ತು ಇಂಗ್ಲಿಷೇತರ ಬಳಕೆದಾರರ ಖಾತೆಗಳು ಹಸಿರು ಪಟ್ಟಿ ತೋರಿಸುತ್ತಲೇ ದುರ್ಬಲವಾಗಿ ಉಳಿಯುವುದು ಇದರಿಂದಲೇ.

ಬಹಳ ಉದ್ದದ ಪಠ್ಯ ಕೊಟ್ಟರೆ ಈ ಲೈಬ್ರರಿ ನಿಧಾನವಾಗುತ್ತದೆ, ಸರ್ವರ್‌ನಲ್ಲಿ ಅದು ಸೇವೆಯನ್ನೇ ನಿಲ್ಲಿಸುವ ದಾರಿಯಾಗಬಹುದು. ಅಂದಾಜಿಗೆ ಮೊದಲ 100 ಅಕ್ಷರಗಳನ್ನಷ್ಟೇ ಕೊಡಿ. ಬ್ರೌಸರ್ ಮತ್ತು ಸರ್ವರ್‌ನಲ್ಲಿ ಬೇರೆ ಬೇರೆ ಭಾಷೆಯ ರೂಪಾಂತರಗಳನ್ನು ಬಳಸುತ್ತಿದ್ದರೆ, ಪರೀಕ್ಷಾ ಪಟ್ಟಿಯನ್ನು ಎರಡರ ಮೇಲೂ ಓಡಿಸಿ ಅಂಕಗಳು ಹೊಂದುತ್ತವೆಯೇ ನೋಡಿ.

ಹಂತ 8: ನಿರಾಕರಣೆಯ ಸಂದೇಶವನ್ನು ಸ್ಪಷ್ಟಗೊಳಿಸಿ

ಪಾಸ್‌ವರ್ಡ್ ದುರ್ಬಲವಾಗಿದೆ ಎಂದಷ್ಟೇ ಹೇಳಿದರೆ ಬಳಕೆದಾರರು ಕೊನೆಯಲ್ಲಿ ಇನ್ನೊಂದು ! ಸೇರಿಸುತ್ತಾರೆ. ಈ ಪಾಸ್‌ವರ್ಡ್ ಈಗಾಗಲೇ ಸೋರಿದ ಪಟ್ಟಿಯಲ್ಲಿದೆ, ಇದರಲ್ಲಿ ನಿಮ್ಮ ಇಮೇಲ್ ಹೆಸರಿದೆ ಎಂದು ಕಾರಣವನ್ನೇ ಹೇಳಿ. ಬೇರೊಬ್ಬ ಬಳಕೆದಾರರು ಈ ಪಾಸ್‌ವರ್ಡ್ ಬಳಸುತ್ತಿದ್ದಾರೆ ಎಂಬ ಸಂದೇಶ ಮಾತ್ರ ಎಂದೂ ಬರಕೂಡದು. ಅದು ದಾಳಿಕೋರನಿಗೆ ಕೀಲಿಯನ್ನೇ ತೋರಿಸಿದಂತೆ, ಜೊತೆಗೆ ಪಾಸ್‌ವರ್ಡ್‌ಗಳು ಸರಿಯಾಗಿ ಹ್ಯಾಶ್ ಆಗಿಲ್ಲವೆಂಬುದರ ಸುಳಿವೂ ಹೌದು.

ಹಂತ 9: ತಪಾಸಣೆಯೇ ಸೋರಿಕೆಯಾಗದಂತೆ ನೋಡಿಕೊಳ್ಳಿ

ಪರೀಕ್ಷಾ ಪ್ರತಿಯಲ್ಲಿ ಬೇರೆಲ್ಲೂ ಬರಲಾರದ ವಿಚಿತ್ರ ಪಾಸ್‌ವರ್ಡ್ ಒಂದನ್ನು ಕೊಟ್ಟು, ಅದು ತಿರಸ್ಕೃತವಾಗುವಂತೆ ಮಾಡಿ, ಆಮೇಲೆ ಎಲ್ಲ ಲಾಗ್ ಕಡತಗಳಲ್ಲಿ, ದೋಷ ವರದಿ ಮಾಡುವ ಸೇವೆಯಲ್ಲಿ, ಬಳಕೆಯ ಅಂಕಿಅಂಶ ಸಂಗ್ರಹಿಸುವ ಸಾಧನದಲ್ಲಿ ಅದನ್ನು ಹುಡುಕಿ. ಸ್ವೀಕೃತವಾದದ್ದನ್ನು ಲಾಗ್ ಮಾಡಬಾರದೆಂದು ಎಲ್ಲರಿಗೂ ಗೊತ್ತು. ತಿರಸ್ಕೃತವಾದದ್ದು ನಿರಪಾಯ ಎಂದುಕೊಂಡು ದೋಷಸಂದೇಶದೊಂದಿಗೆ ಬರೆದಿಡುವವರಿದ್ದಾರೆ. ಆದರೆ ತಿರಸ್ಕೃತವಾದದ್ದಕ್ಕೂ ಕೊನೆಗೆ ಇಟ್ಟದ್ದಕ್ಕೂ ಹಲವೊಮ್ಮೆ ಒಂದಕ್ಷರದ ವ್ಯತ್ಯಾಸವಷ್ಟೇ. ಹ್ಯಾಶ್ ಆಗುವ ಮುನ್ನವೇ ಪಾಸ್‌ವರ್ಡ್‌ಗಳು ಒಳಗಿನ ಲಾಗ್‌ಗೆ ಸೇರುತ್ತಿದ್ದವೆಂದು 2018ರ ಮೇ ತಿಂಗಳಲ್ಲಿ ಟ್ವಿಟ್ಟರ್ ಪ್ರಕಟಿಸಿ, ತನ್ನ ಎಲ್ಲ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಿಕೊಳ್ಳಲು ಹೇಳಬೇಕಾಗಿ ಬಂತು.

ಬಲದ ಅಂಕವನ್ನೋ ಪಾಸ್‌ವರ್ಡ್‌ನ ಉದ್ದವನ್ನೋ ಡೇಟಾಬೇಸ್‌ನಲ್ಲಿ ಹ್ಯಾಶ್‌ನ ಪಕ್ಕದಲ್ಲಿ ಉಳಿಸಬೇಡಿ. ಡೇಟಾಬೇಸ್ ಕಳುವಾದ ದಿನ, ಯಾವ ಖಾತೆಗಳಿಂದ ಶುರುಮಾಡಬೇಕೆಂಬ ಪಟ್ಟಿಯನ್ನು ನೀವೇ ಬರೆದುಕೊಟ್ಟಂತಾಗುತ್ತದೆ.

ಹಂತ 10: ಹಳೆಯ ಖಾತೆಗಳನ್ನು ಹೊಸ ತಪಾಸಣೆಯೊಳಗೆ ತನ್ನಿ

ಹೊಸ ನಿಯಮ ಹೊಸ ಪಾಸ್‌ವರ್ಡ್‌ಗಳಿಗೆ ಮಾತ್ರ ತಾಗುತ್ತದೆ. ಈಗಾಗಲೇ ಇರುವ ಖಾತೆಗಳ ಪಾಸ್‌ವರ್ಡ್ ನಿಮ್ಮ ಬಳಿ ಹ್ಯಾಶ್ ರೂಪದಲ್ಲಿದೆ, ಅದರ ಬಲ ಅಳೆಯಲಾಗದು. ಅದು ಬಯಲು ಪಠ್ಯವಾಗಿ ಕೈಗೆ ಸಿಗುವುದು ಲಾಗಿನ್ ಆಗುವ ಗಳಿಗೆಯಲ್ಲಿ ಮಾತ್ರ. ಲಾಗಿನ್ ಯಶಸ್ವಿಯಾದ ನಂತರ ಅದೇ ಪಠ್ಯವನ್ನು ಆರು ಮತ್ತು ಏಳನೇ ಹಂತಗಳ ತಪಾಸಣೆಗೆ ಒಳಪಡಿಸಿ, ಸೋತರೆ ಒಳಗೆ ಬಿಡುವ ಮೊದಲು ಬದಲಾಯಿಸುವ ಪುಟಕ್ಕೆ ಕಳಿಸಿ. ಎನ್‌ಎಫ್‌ಕೆಸಿ ಏಕರೂಪವನ್ನು ಈಗ ಹೊಸದಾಗಿ ತಂದಿದ್ದರೆ, ಹಳೆಯ ಹ್ಯಾಶ್‌ಗಳು ಏಕರೂಪವಿಲ್ಲದ ಪಠ್ಯದಿಂದ ಹುಟ್ಟಿದವು ಎಂಬುದನ್ನು ಮರೆಯಬೇಡಿ: ಮೊದಲು ಹೊಸ ರೂಪದಿಂದ ಹೋಲಿಸಿ, ಹೊಂದದಿದ್ದರೆ ಟೈಪ್ ಮಾಡಿದ ಮೂಲ ಪಠ್ಯದಿಂದ ಹೋಲಿಸಿ, ಹೊಂದಿದ ಕೂಡಲೇ ಹೊಸ ರೂಪದ ಹ್ಯಾಶ್ ಬರೆದಿಡಿ. ವರ್ಷಗಟ್ಟಲೆ ಲಾಗಿನ್ ಆಗದ ಖಾತೆಗಳಿಗೆ ಈ ದಾರಿ ತಲುಪುವುದಿಲ್ಲ. ಒಂದು ಗಡುವಿನ ನಂತರ ಅವುಗಳ ಹ್ಯಾಶ್ ಅಳಿಸಿ, ಮರಳಿ ಬಂದವರಿಗೆ ಇಮೇಲ್ ಮೂಲಕ ಹೊಸ ಪಾಸ್‌ವರ್ಡ್ ಇಡಲು ಅವಕಾಶ ಕೊಡುವುದು ಸರಿಯಾದ ಕ್ರಮ.

ಇಷ್ಟಾದ ಮೇಲೆ ಮೂರನೇ ಹಂತದ ಪಟ್ಟಿಯನ್ನು, ಮೊದಲನೇ ಹಂತದ ಪ್ರತಿಯೊಂದು ದಾರಿಯ ಮೇಲೂ, ಸ್ವಯಂಚಾಲಿತ ಟೆಸ್ಟ್ ಆಗಿ ಜೋಡಿಸಿ. ಹ್ಯಾಶ್ ಲೈಬ್ರರಿಯನ್ನಾಗಲಿ, ಅಂದಾಜಿನ ಲೈಬ್ರರಿಯನ್ನಾಗಲಿ, ಚೌಕಟ್ಟನ್ನಾಗಲಿ ಹೊಸ ಆವೃತ್ತಿಗೆ ಏರಿಸಿದಾಗ ಈ ಟೆಸ್ಟ್‌ನಲ್ಲಿ ಒಂದು ಸಾಲಿನ ತೀರ್ಪು ಬದಲಾದರೂ, ಬಿಡುಗಡೆಯನ್ನು ನಿಲ್ಲಿಸಿ ಕಾರಣ ಹುಡುಕಿ.